ಸೊಪ್ಪೂ ರೈಲು ಹತ್ತಲಿ

ಮೈಸೂರು–ಚಾಮರಾಜನಗರ ರೈಲು ಮಾರ್ಗದಲ್ಲಿ ಬದನಗುಪ್ಪೆ ಒಂದು ಚಿಕ್ಕ ನಿಲ್ದಾಣ. ಬೆಳಿಗ್ಗೆ ಇಲ್ಲಿಂದ ನಂಜನಗೂಡಿಗೋ ಮೈಸೂರಿಗೋ ಕೆಲಸಕ್ಕೆ ಹೊರಡುವವರ ಕೈಚೀಲದಲ್ಲಿ ಊಟದ ಡಬ್ಬಿ ಇದ್ದೇ ಇರುತ್ತದೆ. ಮುಚ್ಚಳ ತೆಗೆದರೆ ಚಿತ್ರಾನ್ನ, ಟೊಮೆಟೊ ಬಾತ್, ಇಲ್ಲವೇ ಚಪಾತಿ ಮತ್ತು ಆಲೂಗಡ್ಡೆ ಪಲ್ಯ. ಮುದ್ದೆ, ಸೊಪ್ಪಿನ ಸಾರು ಮಾತ್ರ ಅಪರೂಪ. ಕಾರಣ ಸರಳ. ಮುದ್ದೆ ಬಿಸಿಯಿದ್ದಾಗಲೇ ಚೆನ್ನ; ಸಾರು ಚೀಲದಲ್ಲಿ ಚೆಲ್ಲುತ್ತದೆ.

ಈ ಸೀಮೆಯ ಊಟದಲ್ಲಿ ಸೊಪ್ಪು ಒಂಟಿಯಾಗಿ ಬಂದದ್ದು ಕಡಿಮೆ. ಬಸ್ಸಾರು, ಉಪ್ಸಾರು, ಮಸ್ಸೊಪ್ಪು ಎಂದು ಹೆಸರು ಬದಲಿಸಿಕೊಂಡು ಮುದ್ದೆಯ ಜೊತೆಯಲ್ಲೇ ಬಂದಿತು. ಮಧ್ಯಾಹ್ನದ ಮುದ್ದೆ ತಪ್ಪಿದ ಮನೆಯಲ್ಲಿ ಸೊಪ್ಪೂ ತಪ್ಪಿತು. ಇದು ಸಣ್ಣ ನಷ್ಟವಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಸೊಪ್ಪೊಂದರಿಂದಲೇ ಇದು ವಾಸಿಯಾಗದು. ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಬಿಡಲೂ ಬಾರದು. ಆದರೆ ಇದ್ದ ಸೊಪ್ಪೂ ತಟ್ಟೆಯಿಂದ ಜಾರಿದರೆ ಕೊರತೆ ಇನ್ನಷ್ಟು ಹೆಚ್ಚುತ್ತದೆ.

ಹಾಗಾದರೆ ಡಬ್ಬಿಗೆ ಹೊಂದುವ ಸೊಪ್ಪಿನ ಅಡುಗೆ ಇಲ್ಲವೇ? ಇದೆ. ಚಪಾತಿಯೊಳಗೆ ಪಲ್ಯ ಸುತ್ತುವ ಬದಲು ಎಲೆಯೊಳಗೇ ಪಲ್ಯ ಸುತ್ತುವುದು. ಇದು ಹೊಸ ಶೋಧವೇನಲ್ಲ. ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲ ಬಂತೆಂದರೆ ಪತ್ರೊಡೆ. ಅಕ್ಕಿ, ಹುಣಸೆ, ಮೆಣಸಿನಕಾಯಿ, ಬೆಲ್ಲ ರುಬ್ಬಿದ ಹಿಟ್ಟನ್ನು ಕೆಸುವಿನೆಲೆಯ ಹಿಂಬದಿಗೆ ಸವರಿ, ಎಲೆಯ ಮೇಲೆ ಎಲೆ ಇಟ್ಟು ಸುರುಳಿ ಸುತ್ತಿ, ಹಬೆಯಲ್ಲಿ ಬೇಯಿಸುತ್ತಾರೆ. ದೂರದ ಅಜರ್‌ಬೈಜಾನಿನಲ್ಲಿ ದ್ರಾಕ್ಷಿ ಎಲೆಯಲ್ಲಿ ಹೂರಣ ಸುತ್ತುವ ‘ದೋಲ್ಮಾ’ವನ್ನು ಯುನೆಸ್ಕೋ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಎಲೆ ಬೇರೆ, ಉಪಾಯ ಒಂದೇ.

ಕೆಸುವಿನೆಲೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಹಸಿಯಾಗಿ ಅಥವಾ ಅರೆಬೆಂದದ್ದನ್ನು ತಿಂದರೆ ಈ ಸೂಜಿಗಳು ನಾಲಿಗೆ, ಗಂಟಲಿಗೆ ಚುಚ್ಚಿ ನವೆ ಎಬ್ಬಿಸುತ್ತವೆ. ಹುಣಸೆ ಹಾಕಿ ಚೆನ್ನಾಗಿ ಬೇಯಿಸುವ ಪದ್ಧತಿ ಬಂದದ್ದು ಇದಕ್ಕಾಗಿಯೇ. ತಿನ್ನುವ ಜಾತಿ ಯಾವುದೆಂದು ತಿಳಿದವರಿಂದ ಕೇಳಿಯೇ ಎಲೆ ಕೀಳಬೇಕು. ಮೂತ್ರಪಿಂಡದ ಕಲ್ಲಿನ ತೊಂದರೆಯಿದ್ದವರು ಇದನ್ನೂ ಪಾಲಕ್ ಸೊಪ್ಪನ್ನೂ ವೈದ್ಯರ ಸಲಹೆಯಿಲ್ಲದೆ ಹೆಚ್ಚು ಬಳಸದಿರುವುದು ಕ್ಷೇಮ.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರಿಗೆ ಸುಲಭವಾಗಿ ಸಿಗುವ ದೊಡ್ಡ ಎಲೆ ಎಂದರೆ ಎಲೆಕೋಸಿನದು. ಬೆಲೆ ಬಿದ್ದಾಗ ಕಟಾವಿನ ಕೂಲಿಯೂ ಗಿಟ್ಟದೆ ರೈತರು ಅದನ್ನು ಹೊಲದಲ್ಲೇ ದನಕ್ಕೆ ಬಿಡುವುದುಂಟು. ಆ ಎಲೆಯೇ ಇಲ್ಲಿ ರೊಟ್ಟಿಯ ಕೆಲಸ ಮಾಡಬಲ್ಲದು.

ಕೋಸಿನ ದಂಟಿನ ಸುತ್ತ ಚಾಕುವಿನಿಂದ ಕೊರೆದು, ಎಲೆಗಳನ್ನು ಹರಿಯದಂತೆ ಬಿಡಿಸಿಕೊಳ್ಳಿ. ಹರಿಯುವ ನೀರಿನಲ್ಲಿ ಒಂದೊಂದಾಗಿ ತೊಳೆಯಿರಿ. ತೊಳೆದರೆ ಹೋಗುವುದು ಎಲೆಯ ಮೇಲಿನ ಔಷಧಿ ಮಾತ್ರ. ಒಳಗೆ ಹೀರಿಕೊಂಡದ್ದು ಹೋಗದು. ಆದ್ದರಿಂದ ಸಿಂಪಡಿಸಿದ ಕೂಡಲೇ ಕಿತ್ತ ಕೋಸು ಬೇಡ. ಕುದಿಯುವ ಉಪ್ಪುನೀರಿನಲ್ಲಿ ಎರಡು ನಿಮಿಷ ಅದ್ದಿ ತೆಗೆಯಿರಿ. ಹಸಿ ಎಲೆಯ ಜೀವಕೋಶಗಳಲ್ಲಿ ನೀರು ಬಿಗಿಯಾಗಿ ತುಂಬಿರುವುದರಿಂದ ಮಡಿಸಿದರೆ ಅದು ಪಟ್ಟನೆ ಮುರಿಯುತ್ತದೆ. ಬಿಸಿ ತಗುಲಿದಾಗ ಆ ಬಿಗಿ ಇಳಿದು, ಎಲೆ ಬಟ್ಟೆಯಂತೆ ಮಡಿಸಿಕೊಳ್ಳುತ್ತದೆ. ನಡುವಿನ ದಪ್ಪ ನರವನ್ನು ಹೆರೆದು ತೆಳ್ಳಗೆ ಮಾಡಿದರೆ ಸುರುಳಿ ಇನ್ನೂ ಸಲೀಸು. ಅದ್ದಿದ ನೀರನ್ನು ಚೆಲ್ಲದೆ ಸಾರಿಗೆ ಬಳಸಿ. ‘ಸಿ’ ಜೀವಸತ್ವದ ಒಂದಿಷ್ಟು ಭಾಗ ಅದರಲ್ಲಿ ಕರಗಿರುತ್ತದೆ.

ಒಳಗೆ ಏನು? ಎಲೆಕೋಸಿನಲ್ಲಿ ಕಬ್ಬಿಣ ಹೆಚ್ಚಿಲ್ಲ. ಹಾಗಾಗಿ ಬೇಯಿಸಿದ ಹೆಸರುಕಾಳು ಅಥವಾ ಅವರೆಕಾಳಿನ ಜೊತೆಗೆ ನುಗ್ಗೆ ಸೊಪ್ಪೋ ದಂಟಿನ ಸೊಪ್ಪೋ ಸೇರಿಸಿ, ಎಣ್ಣೆಯಲ್ಲಿ ಒಗ್ಗರಿಸಿ, ನೀರು ಹಿಂಗುವಂತೆ ಬಾಡಿಸಿ. ಎಣ್ಣೆ ರುಚಿಗಷ್ಟೇ ಅಲ್ಲ. ಸೊಪ್ಪಿನ ಕ್ಯಾರೋಟಿನ್ ಮೈಗೆ ಹತ್ತಬೇಕಾದರೆ ಜಿಡ್ಡು ಬೇಕು. ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಸೊಪ್ಪು–ಕಾಳುಗಳ ಕಬ್ಬಿಣವನ್ನು ಕರುಳು ಹೀರಿಕೊಳ್ಳಲು ಹುಳಿಯಲ್ಲಿರುವ ‘ಸಿ’ ಜೀವಸತ್ವ ನೆರವಾಗುತ್ತದೆ. ಊಟದ ಜೊತೆಗೇ ಕುಡಿಯುವ ಕಾಫಿ, ಟೀ ಇದಕ್ಕೆ ಅಡ್ಡಿ. ಒಂದು ಗಂಟೆ ತಡೆದು ಕುಡಿಯಿರಿ. ಎರಡು ಚಮಚ ಹೂರಣವನ್ನು ಎಲೆಯಲ್ಲಿಟ್ಟು, ಎರಡೂ ಬದಿ ಒಳಕ್ಕೆ ಮಡಿಸಿ, ಬಿಗಿಯಾಗಿ ಸುತ್ತಿ, ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಗಿಡಿ.

ರೊಟ್ಟಿಯ ಬದಲು ಎಲೆ ಎಲ್ಲರಿಗೂ ಒಪ್ಪುವುದಿಲ್ಲ ಎಂಬುದನ್ನೂ ಹೇಳಬೇಕು. ನೂರು ಗ್ರಾಂ ರಾಗಿ ಹಿಟ್ಟಿನಿಂದ ಸುಮಾರು 320 ಕ್ಯಾಲೊರಿ ಶಕ್ತಿ ಬಂದರೆ, ಅಷ್ಟೇ ತೂಕದ ಕೋಸಿನಿಂದ ಬರುವುದು ಸುಮಾರು 25. ಸಕ್ಕರೆ ಕಾಯಿಲೆಯವರಿಗೆ, ಕೂತು ಕೆಲಸ ಮಾಡುವವರಿಗೆ ಇದು ಅನುಕೂಲವೇ. ಆದರೆ ಕಳೆ ಕೀಳುವ, ಮೂಟೆ ಹೊರುವ ಆಳಿಗೆ ಎಲೆಯ ಸುರುಳಿ ಸಾಲದು. ಅವರ ಹೂರಣಕ್ಕೆ ಹುರಿದ ರಾಗಿ ಹಿಟ್ಟು, ತೆಂಗಿನ ತುರಿ ಬೆರೆಸಿ ಗಟ್ಟಿ ಮಾಡಬೇಕು. ಪತ್ರೊಡೆ ಮಾಡಿದ ಹಿರಿಯರು ಎಲೆಗೆ ಅಕ್ಕಿ ಸವರಿದ್ದು ಸುಮ್ಮನೆ ಅಲ್ಲ. ಅವರು ಧಾನ್ಯವನ್ನು ಬಿಟ್ಟು ಎಲೆ ಹಿಡಿದವರಲ್ಲ. ಎರಡನ್ನೂ ಒಟ್ಟಿಗೆ ಸುತ್ತಿದವರು.

ಬೇಸಿಗೆಯಲ್ಲಿ ತೆಂಗಿನಕಾಯಿ ಬೇಗ ಹಳಸುವುದರಿಂದ ಡಬ್ಬಿಗೆ ಕಾಯಿ ಹಾಕದಿರುವುದೇ ಮೇಲು. ಸುರುಳಿ ಪೂರ್ತಿ ಆರಿದ ಮೇಲೆ ಮುಚ್ಚಳ ಹಾಕಿ. ಮಧ್ಯಾಹ್ನದವರೆಗೆ ಅದು ಚೆಲ್ಲುವುದಿಲ್ಲ, ಒಣಗುವುದೂ ಇಲ್ಲ. ತಟ್ಟೆ, ಚಮಚದ ಗೊಡವೆಯಿಲ್ಲ. ಕೈ ತೊಳೆದುಕೊಂಡರೆ ಸಾಕು. ಮುದ್ದೆ ಹೇಗೂ ರಾತ್ರಿ ಮನೆಯಲ್ಲಿ ಕಾದಿರುತ್ತದೆ.