ಕೋಣೆಯಲ್ಲಿ ಕೂಡಿಹಾಕಿದರೆ ಚಟ ಬಿಟ್ಟೀತೇ?

ಹಬ್ಬದ ಊಟದ ಗಸಗಸೆ ಪಾಯಸಕ್ಕೂ ಅಫೀಮಿಗೂ ಗಿಡ ಒಂದೇ. ಬೀಜ ಅಡುಗೆಮನೆಗೆ ಬರುತ್ತದೆ. ಎಳೆಯ ಕಾಯಿಯನ್ನು ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಅದರಿಂದ ಮಾರ್ಫಿನ್, ಮಾರ್ಫಿನ್‌ನಿಂದ ಹೆರಾಯಿನ್. ಪ್ರಯೋಗಶಾಲೆಯಲ್ಲಿ ತಯಾರಾಗುವ ಟ್ರಮಡಾಲ್ ಮಾತ್ರೆಯೂ ಇದೇ ಬಳಗದ್ದು. ವೈದ್ಯರ ಕೈಯಲ್ಲಿ ಇವು ನೋವಿಗೆ ಮದ್ದು; ಕೈ ತಪ್ಪಿದರೆ ಚಟ. 2018ರಲ್ಲಿ ಟ್ರಮಡಾಲನ್ನು ಮಾದಕ ವಸ್ತು ಕಾಯ್ದೆಯ ವ್ಯಾಪ್ತಿಗೆ ತಂದದ್ದು ಇದಕ್ಕಾಗಿಯೇ.

ಕಾಲೇಜಿಗೆ ಹೋಗುವ ಮಗನ ಚೀಲದಲ್ಲಿ ಇಂಥ ಮಾತ್ರೆಗಳ ಖಾಲಿ ಹಾಳೆ ಸಿಕ್ಕಿತೆನ್ನಿ. ಅಪ್ಪ ಕೈ ಎತ್ತುತ್ತಾರೆ, ಅಮ್ಮ ಹರಕೆ ಹೊರುತ್ತಾರೆ. ನೆಂಟರಿಗೆ ತಿಳಿಯಬಾರದೆಂದು ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಮೊದಲು ಆಕಳಿಕೆ, ಮೂಗು-ಕಣ್ಣಲ್ಲಿ ನೀರು. ಆಮೇಲೆ ಮೈಕೈ ನೋವು, ಭೇದಿ, ನಿದ್ದೆಯಿಲ್ಲದ ರಾತ್ರಿಗಳು. ಸುಮಾರು ಒಂದು ವಾರದಲ್ಲಿ ಇವೆಲ್ಲ ತಗ್ಗುತ್ತವೆ. ಹುಡುಗ ಎದ್ದು ಊಟ ಮಾಡುತ್ತಾನೆ. ‘ಬಿಟ್ಟ’ ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ.

ನಿಜವಾದ ಅಪಾಯ ಶುರುವಾಗುವುದು ಆಗಲೇ. ಪದೇ ಪದೇ ಸೇವಿಸಿದ ಮೈ ಹೆಚ್ಚು ಹೆಚ್ಚು ಪ್ರಮಾಣಕ್ಕೆ ಒಗ್ಗಿಕೊಂಡಿರುತ್ತದೆ. ಕೆಲವು ದಿನ ಬಿಟ್ಟರೆ ಆ ತಾಳಿಕೆ ಕುಸಿಯುತ್ತದೆ, ಆದರೆ ಮಿದುಳಿನಲ್ಲಿ ಬೇರೂರಿದ ಹಂಬಲ ಹೋಗುವುದಿಲ್ಲ. ಪರೀಕ್ಷೆಯ ಒತ್ತಡವೋ ಹಳೆಯ ಗೆಳೆಯನ ಭೇಟಿಯೋ ಸಾಕು, ಹುಡುಗ ಮತ್ತೆ ಹಿಂದಿನಷ್ಟನ್ನೇ ತೆಗೆದುಕೊಳ್ಳುತ್ತಾನೆ. ಆಗ ಉಸಿರಾಟ ನಿಧಾನವಾಗಿ ನಿಂತೇ ಹೋಗಬಹುದು. ಪ್ರಜ್ಞೆ ತಪ್ಪಿ, ತುಟಿ ನೀಲಿಗಟ್ಟಿ, ಕಣ್ಣಪಾಪೆ ಸೂಜಿಮೊನೆಯಷ್ಟಾಗಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಏನು ಸೇವಿಸಿದ್ದಾನೆಂದು ವೈದ್ಯರಿಂದ ಮುಚ್ಚಿಡಬಾರದು. ಸಮಯಕ್ಕೆ ಸಿಕ್ಕರೆ ನಲಾಕ್ಸೋನ್ ಎಂಬ ಚುಚ್ಚುಮದ್ದು ಜೀವ ಉಳಿಸುತ್ತದೆ.

ಹಾಗಾದರೆ ಸರಿಯಾದ ಚಿಕಿತ್ಸೆ ಯಾವುದು? ನಾಲಿಗೆಯಡಿ ಇಟ್ಟುಕೊಳ್ಳುವ ಬ್ಯುಪ್ರೆನಾರ್ಫಿನ್ ಮಾತ್ರೆ ಮುಖ್ಯವಾದದ್ದು. ಅಫೀಮಿನ ಬಳಗ ಮಿದುಳಿನಲ್ಲಿ ಕೂರುವ ಜಾಗದಲ್ಲೇ ಅದೂ ಕೂತು, ಹಂಬಲವನ್ನೂ ಮೈಯ ಸಂಕಟವನ್ನೂ ತಗ್ಗಿಸುತ್ತದೆ. ವೈದ್ಯರು ಹೇಳಿದಂತೆ ತೆಗೆದುಕೊಂಡರೆ ಅಮಲಿಲ್ಲದೆ ತರಗತಿಯಲ್ಲಿ ಕೂರಬಹುದು, ಕೆಲಸ ಮಾಡಬಹುದು. ‘ಒಂದು ಚಟ ಬಿಡಿಸಲು ಇನ್ನೊಂದೇ?’ ಎಂದು ಅನೇಕ ತಂದೆತಾಯಿಯರು ಅಂಜುತ್ತಾರೆ. ಸಕ್ಕರೆ ಕಾಯಿಲೆಯವರು ದಿನವೂ ಔಷಧಿ ತೆಗೆದುಕೊಂಡರೆ ಅದನ್ನು ಯಾರೂ ಚಟ ಎನ್ನುವುದಿಲ್ಲ. ಇದೂ ಹಾಗೆಯೇ, ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ. ಜೊತೆಗೆ ಆಪ್ತಸಮಾಲೋಚನೆಯೂ ಬೇಕು.

ಸಹಾಯಕ್ಕೆ ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಬೇರೆ ಊರಿನವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಟೆಲಿ ಮಾನಸ್ 14416ಕ್ಕೂ, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೂ ಕರೆ ಉಚಿತ. ಹೊಡೆದು, ಕಟ್ಟಿಹಾಕಿ ಬಿಡಿಸುತ್ತೇವೆನ್ನುವ ಕೇಂದ್ರಗಳ ಹತ್ತಿರವೂ ಸುಳಿಯಬಾರದು. ಇನ್ನು ಪೊಲೀಸರ ಭಯ. 1985ರ ಮಾದಕ ವಸ್ತು ಕಾಯ್ದೆಯಲ್ಲೇ ಇದಕ್ಕೆ ದಾರಿಯಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪ ಹೊತ್ತ ವ್ಯಸನಿ ತಾನಾಗಿ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಒಳಗಾದರೆ ಮೊಕದ್ದಮೆಯಿಂದ ವಿನಾಯಿತಿ ಉಂಟು; ಚಿಕಿತ್ಸೆಯನ್ನು ಪೂರ್ತಿ ಮುಗಿಸಬೇಕು, ಅಷ್ಟೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಗೆಳೆಯನ ಗುಟ್ಟು ಕಾಯುವುದು ದೊಡ್ಡ ಗುಣವೇ. ಆದರೆ ಅವನ ಉಸಿರಿಗೇ ಕುತ್ತು ತರುವ ಗುಟ್ಟನ್ನು ನಂಬಿಕೆಯ ಹಿರಿಯರೊಬ್ಬರ ಕಿವಿಗೆ ಹಾಕುವುದು ದ್ರೋಹವಲ್ಲ. ತಂದೆತಾಯಿಯರೂ ನೆನಪಿಡಬೇಕು: ಚಟ ಮರುಕಳಿಸಿದರೆ ಚಿಕಿತ್ಸೆ ಸೋತಿತೆಂದು ಅರ್ಥವಲ್ಲ. ಬೈಗುಳವನ್ನು ಬದಿಗಿಟ್ಟು, ಮಾರನೆಯ ದಿನವೇ ಅವನೊಂದಿಗೆ ಮತ್ತೆ ವೈದ್ಯರಲ್ಲಿಗೆ ಹೋದರೆ ಅವನು ಉಳಿಯುತ್ತಾನೆ.