ಅಳಿಯನ ಅರ್ಜಿ ಬೇರೆ, ಮಗಳ ಅರ್ಜಿ ಬೇರೆ

ಪ್ರಶ್ನೆ: ಅಳಿಯ ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿದ್ದಾರೆ, ಮಗಳು ಎಚ್-4ರ ಮೇಲೆ. ಅಳಿಯನ ಅವಧಿ ಮೂರೇ ವಾರದಲ್ಲಿ ವಿಸ್ತರಣೆಯಾಯಿತು. ಮಗಳದು ನಾಲ್ಕು ತಿಂಗಳಾದರೂ ಬಂದಿಲ್ಲ. ಅವಳು ವಾಪಸು ಬರಬೇಕಾದೀತೆ?
- ಪಾಲಕರು, ಮುಂಡರಗಿ

ಉತ್ತರ: ಅವಧಿ ಮುಗಿಯುವ ಮೊದಲೇ ಅರ್ಜಿ ಸಲ್ಲಿಸಿದ್ದರೆ ಗಾಬರಿ ಬೇಡ. ಗಂಡನಿಗಾಗಿ ಕಂಪನಿ ಹಾಕುವುದು ಐ-129 ಅರ್ಜಿ. ಹೆಚ್ಚುವರಿ ಶುಲ್ಕ ಕಟ್ಟಿದರೆ 15 ಕೆಲಸದ ದಿನಗಳಲ್ಲಿ ಅದರ ಮೇಲೆ ಕ್ರಮವಾಗುತ್ತದೆ. ಹೆಂಡತಿ ಹಾಕುವುದು ಐ-539. ಎಚ್-4 ವಿಸ್ತರಣೆಗೆ ಆ ಸೌಲಭ್ಯವಿಲ್ಲ, ತಿಂಗಳುಗಟ್ಟಲೆ ಹಿಡಿಯುವುದುಂಟು. ಒಟ್ಟಿಗೆ ಸಲ್ಲಿಸಿದ ಎರಡನ್ನೂ ಒಟ್ಟಿಗೇ ಪರಿಶೀಲಿಸಬೇಕೆಂದು ಮೊಕದ್ದಮೆಯೊಂದರಲ್ಲಿ ಆಗಿದ್ದ ಒಪ್ಪಂದ 2023ರ ಜನವರಿಯಿಂದ ಎರಡು ವರ್ಷ ಮಾತ್ರ ಜಾರಿಯಲ್ಲಿತ್ತು.

ಮಗಳು ನೋಡಬೇಕಾದದ್ದು ಪಾಸ್‌ಪೋರ್ಟಿನಲ್ಲಿರುವ ವೀಸಾದ ದಿನಾಂಕವನ್ನಲ್ಲ, ಐ-94 ದಾಖಲೆಯಲ್ಲಿರುವ ದಿನಾಂಕವನ್ನು. ಅದಕ್ಕೆ ಮುನ್ನ ಅರ್ಜಿ ತಲುಪಿದ್ದರೆ ತೀರ್ಮಾನ ಬರುವತನಕ ಅಲ್ಲೇ ಕಾಯಬಹುದು. ಒಂದು ದಿನ ತಪ್ಪಿದರೂ ತೊಂದರೆ. ಆಕೆ ಕೆಲಸದ ಪರವಾನಗಿ ಪಡೆದಿದ್ದರೆ ಅದರ ದಿನಾಂಕವನ್ನೂ ನೋಡಲಿ. 2025ರ ಅಕ್ಟೋಬರ್ 30ರಿಂದೀಚೆಗೆ ಸಲ್ಲಿಸಿದ ನವೀಕರಣ ಅರ್ಜಿಗಳಿಗೆ ಪರವಾನಗಿ ತಾನಾಗಿ ಮುಂದುವರಿಯುವುದಿಲ್ಲ. ಓದಲು ಮಾತ್ರ ಅಡ್ಡಿಯಿಲ್ಲ. ಎಚ್-4ರಲ್ಲಿದ್ದೇ ಕಾಲೇಜು ಸೇರಬಹುದು.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯಿಂದ ಮಗಳನ್ನು ಕಳಿಸಲಿರುವ ಪಾಲಕರಿಗೂ ಒಂದು ಮಾತು. ಪಾಸ್‌ಪೋರ್ಟ್ ಬೇಗ ಮುಗಿಯುವಂತಿದ್ದರೆ ಅಲ್ಲಿಯ ವಿಮಾನ ನಿಲ್ದಾಣದ ಅಧಿಕಾರಿ ಐ-94 ಅವಧಿಯನ್ನೂ ಅಷ್ಟಕ್ಕೇ ಮೊಟಕುಗೊಳಿಸಬಹುದು. ಆದ್ದರಿಂದ ಹೊರಡುವ ಮೊದಲೇ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ನವೀಕರಣ ಮುಗಿಸಿಕೊಳ್ಳಿ.