ನಮ್ಮ ಮಕ್ಕಳ ಬೆನ್ನನ್ನೂ ನೋಡಿ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಮಾನ್ಯ ಶಾಲಾ ಶಿಕ್ಷಣ ಸಚಿವರು, ಕರ್ನಾಟಕ ಸರ್ಕಾರ,
ಹಾಗೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಜನಪ್ರತಿನಿಧಿಗಳು.

ವಿಷಯ: ಶಾಲಾ ಆರೋಗ್ಯ ತಪಾಸಣೆಯಲ್ಲಿ ಬೆನ್ನುಮೂಳೆಯ ಪರೀಕ್ಷೆ ಸೇರಿಸುವ ಕುರಿತು.

ಮಾನ್ಯರೇ,

ನನ್ನ ತಂಗಿಯ ಮಗಳಿಗೆ ಹದಿನೈದು ವರ್ಷ. ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಅವಳ ಬೆನ್ನುಮೂಳೆ ಎದೆಯ ಮಟ್ಟದಲ್ಲಿ ಬಲಕ್ಕೆ 58 ಡಿಗ್ರಿ ಬಾಗಿದೆ. ಪರೀಕ್ಷೆ ಮುಗಿದ ಮೇಲೆ ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಬೆನ್ನಿನ ನಡುವೆ ಉದ್ದಕ್ಕೆ ಕೊಯ್ದು, ಮೂಳೆಗಳಿಗೆ ಸ್ಕ್ರೂ ಕೂಡಿಸಿ, ಎರಡೂ ಬದಿಗೆ ಲೋಹದ ಸರಳು ಬಿಗಿದು ಸಾಧ್ಯವಾದಷ್ಟು ನೆಟ್ಟಗೆ ಮಾಡುತ್ತಾರೆ. ಅದರ ಖರ್ಚಿಗೆ ನೆರವು ಬೇಡಲು ಈ ಪತ್ರ ಬರೆಯುತ್ತಿಲ್ಲ. ಇವತ್ತು ನಮ್ಮ ಐದು ತಾಲ್ಲೂಕುಗಳ ಶಾಲೆಗಳಲ್ಲಿ ಐದನೆಯ, ಆರನೆಯ ಇಯತ್ತೆಯಲ್ಲಿ ಕೂತಿರುವ ಹೆಣ್ಣುಮಕ್ಕಳಿಗಾಗಿ ಬರೆಯುತ್ತಿದ್ದೇನೆ. ಅವರಲ್ಲಿ ಕೆಲವರ ಬೆನ್ನು ಈಗಷ್ಟೇ ಬಾಗಲು ಶುರುವಾಗಿರುತ್ತದೆ. ಅದನ್ನು ನೋಡಬೇಕೆಂಬ ನಿಯಮ ನಮ್ಮ ಶಾಲಾ ತಪಾಸಣೆಯಲ್ಲಿ ಇಲ್ಲ.

ಈ ತೊಂದರೆಗೆ ವೈದ್ಯರು ಸ್ಕೋಲಿಯೋಸಿಸ್ ಎನ್ನುತ್ತಾರೆ. ಬೆನ್ನುಮೂಳೆ ಪಕ್ಕಕ್ಕೆ ಬಾಗುತ್ತದೆ, ಬಾಗುತ್ತಲೇ ತಿರುಚಿಕೊಳ್ಳುತ್ತದೆ, ಪಕ್ಕೆಲುಬುಗಳೂ ಅದರ ಜೊತೆ ತಿರುಗಿ ಒಂದು ಬದಿ ಉಬ್ಬುತ್ತದೆ. ಎಕ್ಸ್-ರೇಯಲ್ಲಿ ಬಾಗು ಹತ್ತು ಡಿಗ್ರಿ ದಾಟಿದರೆ ಈ ಹೆಸರು. ಹರೆಯದ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇದು ಇರುತ್ತದೆ. ಬಹುಪಾಲು ಮಕ್ಕಳಿಗೆ ಔಷಧ ಉಪಚಾರ ಏನೂ ಬೇಕಾಗುವುದಿಲ್ಲ. ಬೆಳೆಯುತ್ತ ಹೋಗುವ ಬಾಗು ಮಾತ್ರ ಹೆಣ್ಣುಮಕ್ಕಳ ಪಾಲಿಗೇ ಹೆಚ್ಚು. 30 ಡಿಗ್ರಿ ದಾಟಿದವರಲ್ಲಿ ಒಬ್ಬ ಹುಡುಗನಿಗೆ ಸುಮಾರು ಹತ್ತು ಹುಡುಗಿಯರ ಲೆಕ್ಕ. ಹತ್ತು ಮಕ್ಕಳಲ್ಲಿ ಎಂಟು ಮಕ್ಕಳಿಗೆ ಇದು ಏಕೆ ಬಂತು ಎನ್ನುವುದನ್ನು ವೈದ್ಯಶಾಸ್ತ್ರ ಇನ್ನೂ ಹೇಳಲಾರದು. ಪಾಟೀಚೀಲದ ವಜ್ಜೆಯಿಂದ ಬರುವುದಲ್ಲ, ಕೂರುವ ರೀತಿಯಿಂದಲ್ಲ, ತಾಯಿ ತಿಂದದ್ದರಿಂದಲೂ ಅಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. "ಹೊಟ್ಟಿಲೆ ಇದ್ದಾಗ ಗ್ರಹಣದಾಗ ಹೊರಗ ಬಂದಿದ್ದಿ ಏನವಾ?" ಎಂದು ನನ್ನ ತಂಗಿಯನ್ನು ಕೇಳಿದವರು ಒಬ್ಬಿಬ್ಬರಲ್ಲ. ಮಗಳ ಎಕ್ಸ್-ರೇ ಕೈಯಲ್ಲಿ ಹಿಡಿದ ತಾಯಿ ಈ ಪ್ರಶ್ನೆಗೂ ಉತ್ತರ ಕೊಡಬೇಕಾಯಿತು.

ಬೆನ್ನು ಅತಿ ವೇಗವಾಗಿ ಬಾಗುವುದು ಮಗು ಸರಸರನೆ ಎತ್ತರ ಬೆಳೆಯುವ ಒಂದೆರಡು ವರ್ಷಗಳಲ್ಲಿ. ಹುಡುಗಿಯರಿಗೆ ಅದು ಸಾಮಾನ್ಯವಾಗಿ ಹನ್ನೊಂದು ಹನ್ನೆರಡರ ಆಸುಪಾಸು, ಮೈನೆರೆಯುವುದಕ್ಕೆ ಸ್ವಲ್ಪ ಮೊದಲು. ಆ ಹೊತ್ತಿನಲ್ಲಿ ಬಾಗು 25ರಿಂದ 40 ಡಿಗ್ರಿ ನಡುವೆ ಇರುವಾಗ ಸಿಕ್ಕರೆ, ಮೈಗೆ ಅಳತೆ ಮಾಡಿ ತಯಾರಿಸಿದ ಗಟ್ಟಿ ಪ್ಲಾಸ್ಟಿಕ್ಕಿನ ಬೆಲ್ಟು ತೊಡಿಸಿ ತಡೆಯಬಹುದು. ಬೆಲ್ಟಿನಿಂದ ನಿಜವಾಗಿ ಉಪಯೋಗವಿದೆಯೇ ಎಂಬ ಅನುಮಾನ ವೈದ್ಯರಲ್ಲೇ ಬಹಳ ಕಾಲ ಇತ್ತು. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳು ಕೂಡಿ ಮಾಡಿದ ದೊಡ್ಡ ಅಧ್ಯಯನ 2013ರಲ್ಲಿ ಆ ಅನುಮಾನಕ್ಕೆ ಉತ್ತರ ಕೊಟ್ಟಿತು. ಬೆಲ್ಟು ತೊಟ್ಟ ಮಕ್ಕಳಲ್ಲಿ ನೂರಕ್ಕೆ 72 ಮಂದಿಯ ಬಾಗು ಶಸ್ತ್ರಚಿಕಿತ್ಸೆಯ ಮಟ್ಟ ಮುಟ್ಟಲಿಲ್ಲ; ತೊಡದೆ ಬರಿದೇ ನೋಡುತ್ತ ಬಂದ ಮಕ್ಕಳಲ್ಲಿ ಆ ಸಂಖ್ಯೆ 48. ದಿನಕ್ಕೆ ಹದಿಮೂರು ತಾಸಿನಷ್ಟು ಅಥವಾ ಹೆಚ್ಚು ತೊಟ್ಟವರಲ್ಲಿ ಯಶಸ್ಸು ನೂರಕ್ಕೆ ತೊಂಬತ್ತು ದಾಟಿತು. ಆ ಗಡುವು ಮೀರಿ ಬಾಗು 45–50 ಡಿಗ್ರಿ ತಲುಪಿದರೆ ಬೆಲ್ಟು ಕೆಲಸಕ್ಕೆ ಬಾರದು. ಎತ್ತರ ಬೆಳೆಯುವುದು ನಿಂತ ಮೇಲೂ ಅಷ್ಟು ದೊಡ್ಡ ಬಾಗು ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಹೆಚ್ಚುತ್ತಲೇ ಇರುತ್ತದೆ. ನಮ್ಮ ಹುಡುಗಿಯ ಮೊದಲ ಎಕ್ಸ್-ರೇ ತೆಗೆದಾಗಲೇ ಬೆಲ್ಟಿನ ಕಾಲ ಕಳೆದುಹೋಗಿತ್ತು.

ಗುರುತಿಸುವುದು ಕಷ್ಟವಾಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಮಗುವನ್ನು ಬರಿಗಾಲಲ್ಲಿ ನಿಲ್ಲಿಸಿ, ಎರಡೂ ಪಾದ ಕೂಡಿಸಿ, ಅಂಗೈ ಜೋಡಿಸಿ, ಮೊಣಕಾಲು ಮಡಿಸದೆ ಮುಂದಕ್ಕೆ ಬಾಗಲು ಹೇಳಿ ಹಿಂದಿನಿಂದ ನೋಡಬೇಕು. ಬೆನ್ನಿನ ಒಂದು ಬದಿ ಇನ್ನೊಂದಕ್ಕಿಂತ ಎತ್ತರವಾಗಿ ಕಂಡರೆ ದೊಡ್ಡ ವೈದ್ಯರಿಗೆ ತೋರಿಸಬೇಕು. ಅರ್ಧ ನಿಮಿಷದ ಕೆಲಸ. ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ 1865ರಲ್ಲೇ ವಿವರಿಸಿದ ಪರೀಕ್ಷೆ ಇದು. ಯಂತ್ರ ಬೇಡ, ಸೂಜಿ ಬೇಡ, ಕರೆಂಟೂ ಬೇಡ.

ನಮ್ಮ ಶಾಲೆಗಳಿಗೆ ವೈದ್ಯರು ಬರುವುದೇ ಇಲ್ಲ ಎಂದು ದೂರುವ ಹಾಗಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಹುಟ್ಟಿದ ಕೂಸಿನಿಂದ ಹದಿನೆಂಟು ವರ್ಷದವರೆಗಿನ ಮಕ್ಕಳ ತಪಾಸಣೆ ಆಗಬೇಕು. ಸಂಚಾರಿ ತಂಡದಲ್ಲಿ ಇಬ್ಬರು ಆಯುಷ್ ವೈದ್ಯರು, ಒಬ್ಬ ನರ್ಸ್, ಒಬ್ಬ ಫಾರ್ಮಸಿಸ್ಟ್. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಒಂದು ಸಲ ಭೇಟಿ. ಒಳ್ಳೆಯ ಯೋಜನೆ. ಹುಟ್ಟಿನಿಂದ ಬಂದ ಹೃದಯದ ತೊಂದರೆ, ಸೀಳುತುಟಿ, ಕಿವುಡು, ಕಣ್ಣಿನ ದೋಷಗಳನ್ನು ಹುಡುಕಿ ಎಷ್ಟೋ ಬಡ ಮಕ್ಕಳಿಗೆ ಇದು ದಾರಿ ತೋರಿಸಿದೆ. ಅದರ ಮೂಲ ಪಟ್ಟಿಯಲ್ಲಿ 30 ತೊಂದರೆಗಳಿವೆ. ಸೊಟ್ಟಪಾದ ಇದೆ, ಹಲ್ಲಿನ ಹುಳುಕು ಇದೆ, ಗಳಗಂಡ ಇದೆ. ಹರೆಯದಲ್ಲಿ ಬಾಗುವ ಬೆನ್ನುಮೂಳೆ ಇಲ್ಲ. ಆದ್ದರಿಂದ ತಂಡ ಬಂದಾಗ ಕಣ್ಣು, ಹಲ್ಲು, ತೂಕ, ಎತ್ತರ ಎಲ್ಲ ನೋಡುತ್ತದೆ. ಬೆನ್ನು ತಿರುಗಿಸಿ ಬಾಗು ಎನ್ನುವುದಿಲ್ಲ. ಇದರಲ್ಲಿ ಆ ವೈದ್ಯರ ತಪ್ಪಿಲ್ಲ. ಅವರ ಕೈಗೆ ಕೊಟ್ಟ ನಮೂನೆಯಲ್ಲಿ ಆ ಕಾಲಮ್ಮೇ ಇಲ್ಲ.

ಎಲ್ಲ ಮಕ್ಕಳ ಬೆನ್ನು ನೋಡುವುದು ಅಗತ್ಯವೇ ಎಂಬ ಬಗ್ಗೆ ಪರಿಣತರಲ್ಲಿ ಒಮ್ಮತವಿಲ್ಲವೆಂದು ತಮ್ಮ ಅಧಿಕಾರಿಗಳು ಹೇಳಬಹುದು. ಅದು ನಿಜ. ಅಮೆರಿಕದ ತಜ್ಞರ ಸಮಿತಿಯೊಂದು 2018ರಲ್ಲಿ ಪರವಾಗಿಯೋ ವಿರೋಧವಾಗಿಯೋ ಹೇಳಲು ಸಾಕಷ್ಟು ಆಧಾರವಿಲ್ಲ ಎಂದಿತು. ಅದೇ ದೇಶದ ಮೂಳೆವೈದ್ಯರ ಮತ್ತು ಮಕ್ಕಳ ವೈದ್ಯರ ಸಂಘಗಳು ಹುಡುಗಿಯರಿಗೆ ಹತ್ತು ಮತ್ತು ಹನ್ನೆರಡನೆಯ ವಯಸ್ಸಿನಲ್ಲಿ, ಹುಡುಗರಿಗೆ ಹದಿಮೂರು ಅಥವಾ ಹದಿನಾಲ್ಕರಲ್ಲಿ ಒಮ್ಮೆ ಪರೀಕ್ಷೆ ಆಗಲಿ ಎನ್ನುತ್ತವೆ. ಜಪಾನಿನ ಶಾಲೆಗಳಲ್ಲಿ 1970ರ ದಶಕದ ಕೊನೆಯಿಂದ, ಹಾಂಗ್‌ಕಾಂಗಿನಲ್ಲಿ 1995ರಿಂದ ಇದು ನಡೆದುಬಂದಿದೆ. ನನ್ನ ಮಾತು ಇಷ್ಟೇ: ಅಲ್ಲಿನ ಎಷ್ಟೋ ಮಕ್ಕಳು ಜ್ವರ ನೆಗಡಿ ಇಲ್ಲದಿದ್ದರೂ ವರ್ಷಕ್ಕೊಮ್ಮೆ ವೈದ್ಯರ ಮುಂದೆ ನಿಲ್ಲುತ್ತಾರೆ. ಕಬ್ಬು ಕಡಿಯುವವರ, ನಿಪ್ಪಾಣಿಯಲ್ಲಿ ಬೀಡಿ ಕಟ್ಟುವವರ ಮಕ್ಕಳು ಆರೋಗ್ಯವಾಗಿದ್ದಾಗ ಕಾಣುವ ಏಕೈಕ ವೈದ್ಯರು ಶಾಲೆಗೆ ಬರುವ ಈ ತಂಡ. ಅವರು ನೋಡದೆ ಬಿಟ್ಟದ್ದನ್ನು ಮತ್ತೆ ಯಾರೂ ನೋಡುವುದಿಲ್ಲ.

ಮನೆಯಲ್ಲಿ ಕಾಣುವುದಿಲ್ಲವೇ ಎಂದು ಕೇಳುವವರಿಗೆ ಹಳ್ಳಿಯ ಹೆಣ್ಣುಮಕ್ಕಳ ಬದುಕು ಗೊತ್ತಿಲ್ಲ. ಹತ್ತು ವರ್ಷ ದಾಟಿದ ಹುಡುಗಿ ತಾನೇ ಸ್ನಾನ ಮಾಡುತ್ತಾಳೆ, ಸಡಿಲವಾದ ಚೂಡಿದಾರ ತೊಡುತ್ತಾಳೆ, ಮೇಲೆ ಓಡಣಿ ಹೊದೆಯುತ್ತಾಳೆ. ಈ ಬಾಗು ಮೊದಮೊದಲು ನೋಯುವುದೂ ಅಪರೂಪ. ನಮ್ಮ ಹುಡುಗಿಯದನ್ನು ಮೊದಲು ಕಂಡವರು ಯೂನಿಫಾರ್ಮ್ ಹೊಲಿಯುವ ಊರಿನ ಹೆಣ್ಣುಮಗಳು. ಎಷ್ಟು ಸಲ ಅಳತೆ ಹಿಡಿದರೂ ಒಂದು ಭುಜ ಮೇಲೆ, ಟೊಂಕದ ಒಂದು ಬದಿ ಒಳಗೆ. "ಇಕಿ ಡುಬ್ಬ ಸೊಟ್ಟ ಐತ್ರಿ, ಒಮ್ಮೆ ಡಾಕ್ಟರಗ ತೋರಸ್ರಿ" ಎಂದು ಆಕೆ ಹೇಳಿದಳು. ಆಮೇಲೂ ಸರಿಯಾದ ಜಾಗ ಸಿಗಲು ತಡವಾಯಿತು. ಹರೆಯದ ಹುಡುಗಿಯರು ನಾಚಿಕೆಯಿಂದ ಬಾಗಿ ನಡೆಯುತ್ತಾರೆ, ದೊಡ್ಡವಳಾದ ಮೇಲೆ ಸರಿಹೋಗುತ್ತದೆ ಎಂದವರಿದ್ದರು. ಎಣ್ಣೆ ಹಚ್ಚಿ ತಿಕ್ಕಿದವರಿದ್ದರು. ಮಲಗಿಸಿ ತೆಗೆದ ಎಕ್ಸ್-ರೇ ನೋಡಿ ಕ್ಯಾಲ್ಸಿಯಂ ಗುಳಿಗೆ ಬರೆದುಕೊಟ್ಟವರೂ ಇದ್ದರು. ಬಾಗಿನ ನಿಜವಾದ ಅಳತೆ ಸಿಗುವುದು ನಿಲ್ಲಿಸಿ, ಕುತ್ತಿಗೆಯಿಂದ ಟೊಂಕದವರೆಗೆ ಒಂದೇ ಚಿತ್ರ ತೆಗೆದಾಗ. ಅದಕ್ಕಾಗಿ ನಾವು ದೊಡ್ಡ ಊರಿಗೇ ಹೋಗಬೇಕಾಯಿತು.

ಈಗ ಮನೆಯಲ್ಲಿ ತಯಾರಿ ನಡೆದಿದೆ. ಎಂಆರ್‌ಐ, ಹೃದಯದ ಎಕೋ, ಉಸಿರಿನ ಪರೀಕ್ಷೆ ಆಗಿವೆ. ಮೂರು ಗುಂಡುಗಳಿರುವ ಪ್ಲಾಸ್ಟಿಕ್ ಉಪಕರಣದಲ್ಲಿ ಬೆಳಿಗ್ಗೆ ಸಂಜೆ ಉಸಿರೆಳೆದು ಗುಂಡುಗಳನ್ನು ಮೇಲಕ್ಕೆ ಏರಿಸುತ್ತಾಳೆ. ಅವಳ ತಮ್ಮ ಪಕ್ಕದಲ್ಲಿ ಕೂತು ಲೆಕ್ಕ ಹಿಡಿಯುತ್ತಾನೆ. ಹಿಮೋಗ್ಲೋಬಿನ್ ಕಡಿಮೆ ಇತ್ತು. ಕರ್ನಾಟಕದ 15ರಿಂದ 49ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಇವಳೂ ಅವರಲ್ಲಿ ಒಬ್ಬಳು. ಹಲವು ತಾಸು ನಡೆಯುವ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಹೋಗುತ್ತದೆ. ಹಾಗಾಗಿ ಕಬ್ಬಿಣದ ಗುಳಿಗೆ, ಶೇಂಗಾ ಬೆಲ್ಲ, ಸೊಪ್ಪಿನ ಪಲ್ಯ ತಪ್ಪದೆ ಸಾಗಿವೆ. ರಕ್ತ ಕೊಡಲು ನಮ್ಮ ಓಣಿಯ ಹುಡುಗರು ಹೆಸರು ಬರೆಸಿದ್ದಾರೆ. ಕೆಳಗೆ ಕೂರುವ ಪಾಯಿಖಾನೆಗೆ ಇಡಲು ಕಮೋಡ್ ಕುರ್ಚಿ ತಂದಿದ್ದೇವೆ, ಎತ್ತರದ ಮಂಚ ಮಾಡಿಸಿದ್ದೇವೆ. ಮೈ ತಿರುಚದೆ ಒಂದೇ ಸಮನೆ ಮಗ್ಗುಲಾಗಿ ಏಳುವುದನ್ನು ಅವಳು ಈಗಲೇ ರೂಢಿ ಮಾಡಿಕೊಳ್ಳುತ್ತಿದ್ದಾಳೆ. 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ಬಂದಿರುವುದರಿಂದ ಯಾವುದಾದರೊಂದು ವಿಷಯ ಕೈತಪ್ಪಿದರೂ ವರ್ಷ ಹಾಳಾಗದು ಎಂಬ ಸಮಾಧಾನ ಅವಳಿಗಿದೆ. ಅದಕ್ಕಾಗಿ ಶಿಕ್ಷಣ ಇಲಾಖೆಗೆ ಮನಸಾರೆ ಕೃತಜ್ಞತೆ.

"ಮಾಮಾ, ಕಾಲಿಗಿ ಏನರ ಆದ್ರ?" ಎಂದು ಒಂದು ರಾತ್ರಿ ಕೇಳಿದಳು. ನರಗಳ ಸಂದೇಶ ಸರಿಯಾಗಿ ಹರಿಯುತ್ತಿದೆಯೇ ಎಂದು ಶಸ್ತ್ರಚಿಕಿತ್ಸೆಯ ಉದ್ದಕ್ಕೂ ಯಂತ್ರದಲ್ಲಿ ನೋಡುತ್ತಲೇ ಇರುತ್ತಾರೆ, ಅಂಥ ಅಪಾಯ ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಎಂದು ವೈದ್ಯರು ಹೇಳಿದ್ದನ್ನೇ ಹೇಳಿದೆ. ಇದು ನಿಜ, ಅವಳು ಚೆನ್ನಾಗಿ ಎದ್ದು ಓಡಾಡುತ್ತಾಳೆಂಬ ನಂಬಿಕೆ ನನಗಿದೆ. ಆದರೂ ಹದಿನೈದರ ಹುಡುಗಿ ಈ ಪ್ರಶ್ನೆ ಇಟ್ಟುಕೊಂಡು ಮಲಗಬೇಕಾಗಿರಲಿಲ್ಲ. ಹನ್ನೊಂದರಲ್ಲಿ ಯಾರಾದರೂ ಒಮ್ಮೆ ಬಾಗಿಸಿ ನೋಡಿದ್ದರೆ ಬೆಲ್ಟಿನಲ್ಲೇ ತಡೆಯುವ ಒಳ್ಳೆಯ ಅವಕಾಶ ಅವಳಿಗೆ ಸಿಗುತ್ತಿತ್ತು.

ನಮ್ಮ ಸೀಮೆಯ ದೂರದ ಮಾತನ್ನೂ ತಾವು ಕೇಳಬೇಕು. ಅಥಣಿಯಿಂದ ಜಿಲ್ಲಾಕೇಂದ್ರ ಬೆಳಗಾವಿ ನೂರು ಕಿಲೋಮೀಟರಿಗೂ ಹೆಚ್ಚು. ರಾಯಬಾಗ, ಕುಡಚಿ, ಉಗಾರದವರಿಗೆ ರೈಲಾದರೂ ಇದೆ. ಅಥಣಿ, ನಿಪ್ಪಾಣಿ, ಚಿಕ್ಕೋಡಿ ಪಟ್ಟಣಗಳಿಗೆ ಅದೂ ಇಲ್ಲ. 1997ರಲ್ಲಿ ಚಿಕ್ಕೋಡಿ ಜಿಲ್ಲೆ ಘೋಷಣೆಯಾಗಿ ಹಿಂದಕ್ಕೆ ಹೋಯಿತು. ಶಾಲೆಗಳಿಗೆ ಚಿಕ್ಕೋಡಿ ಬೇರೆ ಶೈಕ್ಷಣಿಕ ಜಿಲ್ಲೆಯಾಗಿದೆ, ಆಸ್ಪತ್ರೆಯ ಕೆಲಸಕ್ಕೆ ಮಾತ್ರ ಬೆಳಗಾವಿಯೇ ಗತಿ. ಅದೇ ಕಾಗವಾಡದಿಂದ ಗಡಿಯಾಚೆಯ ಮಿರಜಕ್ಕೆ ಒಂದು ತಾಸೂ ಬೇಡ. 1894ರಲ್ಲಿ ವೈದ್ಯ ವಿಲಿಯಂ ವಾನ್ಲೆಸ್ ಅಲ್ಲಿ ಆಸ್ಪತ್ರೆ ತೆರೆದ ಕಾಲದಿಂದ ನಮ್ಮ ಅಜ್ಜ ಅಜ್ಜಿಯರು ಕಾಯಿಲೆಯೆಂದರೆ ಮಿರಜದ ದಾರಿ ಹಿಡಿದವರು. ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಹೋಗುತ್ತಾರೆ. 2023ರಲ್ಲಿ ಮಹಾರಾಷ್ಟ್ರ ಸರ್ಕಾರ ಗಡಿಯ 865 ಹಳ್ಳಿಗಳಿಗೆ ತನ್ನ ಆರೋಗ್ಯ ಯೋಜನೆ ವಿಸ್ತರಿಸಲು ಹೊರಟಾಗ ಕರ್ನಾಟಕ ಆಕ್ಷೇಪಿಸಿತು. ಆ ಆಕ್ಷೇಪ ನ್ಯಾಯವಾದದ್ದೇ. ಅದರ ಜೊತೆಗೇ ನಮ್ಮ ಜನ ಆಚೆ ಏಕೆ ಹೋಗುತ್ತಾರೆ ಎಂದು ವಿಚಾರಿಸುವ ಹೊಣೆಯೂ ನಮ್ಮ ಸರ್ಕಾರದ್ದೇ.

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಆ ಪತ್ರಕ್ಕಾಗಿ, ರೇಷನ್ ಕಾರ್ಡಿನಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ರೀತಿ ಬರೆದ ಹೆಸರಿಗಾಗಿ ನನ್ನ ಭಾವ ಕಬ್ಬಿನ ಹಂಗಾಮಿನಲ್ಲೇ ಕೆಲಸ ಬಿಟ್ಟು ಅಲೆದಿದ್ದಾರೆ. ದಾಖಲಾಗುವ ಮುಂಚಿನ ಎಕ್ಸ್-ರೇ, ಎಂಆರ್‌ಐ, ಓಡಾಟದ ಖರ್ಚು ಕೈಯಿಂದಲೇ ಹೋಗಿದೆ.

ಆದ್ದರಿಂದ ನಮ್ಮ ಬೇಡಿಕೆ ಇದು. ಬರುವ ಶೈಕ್ಷಣಿಕ ವರ್ಷದಿಂದಲೇ ಐದರಿಂದ ಎಂಟನೆಯ ತರಗತಿಯ ಮಕ್ಕಳ ಬೆನ್ನಿನ ತಪಾಸಣೆಯನ್ನು ಶಾಲಾ ಆರೋಗ್ಯ ನಮೂನೆಯಲ್ಲಿ ಸೇರಿಸಿ. ಹೆಣ್ಣುಮಕ್ಕಳನ್ನು ಮಹಿಳಾ ಸಿಬ್ಬಂದಿಯೇ, ಪರದೆಯ ಮರೆಯಲ್ಲಿ, ಮರ್ಯಾದೆಯಿಂದ ನೋಡಲಿ. ಇಡೀ ರಾಜ್ಯಕ್ಕೆ ತಕ್ಷಣ ಆಗದಿದ್ದರೆ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯಿಂದ ಶುರು ಮಾಡಿ. ದೈಹಿಕ ಶಿಕ್ಷಕರಿಗೂ ಶಿಕ್ಷಕಿಯರಿಗೂ ಒಂದು ದಿನದ ತರಬೇತಿ ಸಾಕು. ಅನುಮಾನ ಬಂದ ಮಕ್ಕಳು ಬೆಳಗಾವಿಯವರೆಗೆ ಅಲೆಯದಂತೆ ತಿಂಗಳಿಗೊಮ್ಮೆ ಚಿಕ್ಕೋಡಿಯಲ್ಲೂ ಅಥಣಿಯಲ್ಲೂ ಬೆನ್ನುಮೂಳೆ ತಜ್ಞರು ಕೂರಲಿ, ನಿಂತು ತೆಗೆಯುವ ಪೂರ್ತಿ ಬೆನ್ನಿನ ಎಕ್ಸ್-ರೇ ಅಲ್ಲೇ ಸಿಗಲಿ, ಶಿಫಾರಸು ಪತ್ರ ಅದೇ ದಿನ ಕೈಗೆ ಬರಲಿ. ಬೆಲ್ಟು ಬೇಕಾದ ಮಗುವಿಗೆ ಅದು ಉಚಿತವಾಗಿ ಸಿಗಬೇಕು, ಬೆಳೆದಂತೆ ಬದಲಿಸಿಯೂ ಕೊಡಬೇಕು. ಶಸ್ತ್ರಚಿಕಿತ್ಸೆಯೇ ಬೇಕಾದವರಿಗೆ ಯಾವ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದೆ ಎಂಬ ಪಟ್ಟಿ ಪ್ರತಿ ತಾಲ್ಲೂಕು ಆಸ್ಪತ್ರೆಯ ಗೋಡೆಯ ಮೇಲೆ ಕನ್ನಡದಲ್ಲಿ ಇರಲಿ.

ಸರ್ಕಾರದ ಆದೇಶ ಬರುವವರೆಗೆ ಓದುಗರಾದ ತಾಯಂದಿರಲ್ಲಿ, ಶಿಕ್ಷಕಿಯರಲ್ಲಿ ನನ್ನ ವಿನಂತಿ: ನಿಮ್ಮ ಹತ್ತು ದಾಟಿದ ಮಕ್ಕಳನ್ನು ಈ ವಾರವೇ ಒಮ್ಮೆ ಬಾಗಿಸಿ ಬೆನ್ನು ನೋಡಿ. ಒಂದು ಬದಿ ಎತ್ತರ ಕಂಡರೆ ಎಣ್ಣೆ ತಿಕ್ಕುತ್ತ ಕಾಯಬೇಡಿ, ಮೂಳೆ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಇಂತಿ ತಮ್ಮ ವಿಶ್ವಾಸಿ,
ರಾಯಬಾಗ ತಾಲ್ಲೂಕಿನ ಒಬ್ಬ ಸೋದರಮಾವ